ಗುಲ್ಬರ್ಗಾ ಕಲಬುರಗಿಯಾದ ವರ್ಷ, ಅಂಡರ್‌ಟೇಕರ್ ಸೋತ ವರ್ಷ

(ಕಲಬುರಗಿಯಲ್ಲಿ ಗೆಳೆಯರು ಸೇರಿ ನಡೆಸುವ ಭಾನುವಾರದ ಮಾತುಕತೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ಶರಣು.

ಒಳಗೆ ಬರುವಾಗ ಹಿರಿಯರೊಬ್ಬರು ಕೇಳಿದರು, "ಮಾಸ್ತರ, ಇವತ್ತ ಯಾವುದರ ಮ್ಯಾಲ ಮಾತಾಡ್ತೀರಿ?" ಡಬ್ಲ್ಯೂಡಬ್ಲ್ಯೂಇ ಮೇಲೆ, ಟಿವಿಯಲ್ಲಿ ಬರುವ ಅಮೆರಿಕದ ಕುಸ್ತಿ ಮೇಲೆ ಅಂದೆ. "ಹಾಂ, ಡಬ್ಲ್ಯೂಡಬ್ಲ್ಯೂಎಫ್" ಅಂದರು. ಆ ಕಂಪನಿ ಹೆಸರು ಬದಲಿಸಿಕೊಂಡದ್ದು 2002ರಲ್ಲಿ. ಕಾಡುಪ್ರಾಣಿಗಳನ್ನು ಕಾಯುವ ದೊಡ್ಡ ಸಂಸ್ಥೆಯೊಂದಕ್ಕೂ ಅವೇ ಅಕ್ಷರಗಳಿದ್ದವು. ವಿಷಯ ಕೋರ್ಟಿಗೆ ಹೋಯಿತು, ಕುಸ್ತಿಯವರು ಸೋತರು, ಹೆಸರು ಬಿಟ್ಟರು. ಆದರೂ ನಮ್ಮೂರಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಅದು ಡಬ್ಲ್ಯೂಡಬ್ಲ್ಯೂಎಫ್. ನಮ್ಮೂರಿನ ಹೆಸರಿನ ಕಥೆಯೂ ಅದೇ ಅಲ್ವಾ? ಬೋರ್ಡಿನ ಮೇಲೆ ಕಲಬುರಗಿ, ಬಾಯಲ್ಲಿ ಗುಲ್ಬರ್ಗಾ.

ಸರ್ಕಾರಿ ಕಾಗದದಲ್ಲಿ ನಾವು ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ನಾನು ಇವತ್ತು ಮಾತಾಡುವುದು ಆ ವರ್ಷದ ಬಗ್ಗೆಯೇ.

ಕುಸ್ತಿ ಅಭಿಮಾನಿಗಳು ಒಬ್ಬೊಬ್ಬರು ಒಂದೊಂದು ವರ್ಷವನ್ನು ಎದೆಗೆ ಹಚ್ಚಿಕೊಂಡಿರುತ್ತಾರೆ. ನನಗಿಂತ ದೊಡ್ಡವರನ್ನು ಕೇಳಿದರೆ 1998 ಅನ್ನುತ್ತಾರೆ. ಸ್ಟೋನ್ ಕೋಲ್ಡ್, ರಾಕ್, ಜೂನ್ ತಿಂಗಳಲ್ಲಿ ಅಂಡರ್‌ಟೇಕರ್ ಕಬ್ಬಿಣದ ಪಂಜರದ ಮೇಲಿಂದ ಮ್ಯಾನ್‌ಕೈಂಡ್ ಅನ್ನುವ ಪೈಲ್ವಾನನನ್ನು ಕೆಳಗೆಸೆದದ್ದು. ಇನ್ನು ಕೆಲವರಿಗೆ 2007. ಆ ವರ್ಷ ಜುಲೈನಲ್ಲಿ ಹಿಮಾಚಲದ ದಲೀಪ್ ಸಿಂಗ್ ರಾಣಾ, ನಮ್ಮೆಲ್ಲರ ಖಲಿ, ವರ್ಲ್ಡ್ ಹೆವಿವೇಟ್ ಚಾಂಪಿಯನ್ ಬೆಲ್ಟ್ ಗೆದ್ದ. ನನ್ನ ವರ್ಷ 2014. ನಾನಾಗ ಡಿಗ್ರಿ ಎರಡನೇ ವರ್ಷ.

ನನ್ನದು ಮಾತ್ರ ಹೇಳಿದರೆ ಸಾಲದು ಅಂತ ಎರಡು ವಾರದಿಂದ ಸಿಕ್ಕವರನ್ನೆಲ್ಲ ಕೇಳುತ್ತಾ ಬಂದೆ. "2014ರಾಗ ಕುಸ್ತಿ ನೋಡ್ತಿದ್ರೇನು? ಏನು ನೆನಪದ?" ಆಟೋದವರನ್ನು, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು, ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರನ್ನು ಕೇಳಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬರೂ ನಿಲ್ಲಿಸಲಿಲ್ಲ.

ನಮ್ಮಲ್ಲಿ ತುಂಬಾ ಜನ ಈ ಆಟಕ್ಕೆ ಬಂದದ್ದು ಟಿವಿಯಿಂದಲ್ಲ, ಕಾರ್ಡಿನಿಂದ. ನೆನಪಿದೆಯಾ ಆ ಕಾರ್ಡುಗಳು? ಒಂದೊಂದರ ಮೇಲೂ ಒಬ್ಬ ಪೈಲ್ವಾನನ ಫೋಟೋ. ಕೆಳಗೆ ರ‍್ಯಾಂಕ್, ಎತ್ತರ, ತೂಕ, ಎದೆ, ತೋಳು, ಆಡಿದ ಕುಸ್ತಿ, ಗೆದ್ದ ಕುಸ್ತಿ. "ತೂಕ" ಅಂತ ಒಬ್ಬ ಕೂಗಿದರೆ ಎಲ್ಲರೂ ಕಾರ್ಡು ಮುಂದೆ ಇಡಬೇಕು. ಯಾರದು ಹೆಚ್ಚೋ ಅವನಿಗೆ ಎಲ್ಲ ಕಾರ್ಡು. ಬೇಸಿಗೆ ರಜೆಯಲ್ಲಿ, ಹೊರಗೆ ಕಾಲಿಟ್ಟರೆ ಸುಡುವ ಬಿಸಿಲಲ್ಲಿ, ಮನೆಯ ಪಡಸಾಲೆಯ ತಣ್ಣನೆ ಶಹಾಬಾದ್ ಕಲ್ಲಿನ ಮೇಲೆ ಬೋರಲು ಮಲಗಿ ಇದನ್ನು ಆಡಿದ್ದೇವೆ. ನನಗೆ ಪೌಂಡು, ಅಡಿ, ಇಂಚು ತಿಳಿದದ್ದು ಅಲ್ಲೇ. ಕಾರ್ಡಿನಲ್ಲಿದ್ದ ಮನುಷ್ಯ ಟಿವಿಯಲ್ಲಿ ನಡೆದಾಡುವುದನ್ನು ಮೊದಲ ಸಲ ನೋಡಿದಾಗ ಆದ ಸಂತೋಷವನ್ನು ಹೇಳಲು ಬರುವುದಿಲ್ಲ.

ಒಂದು ಮಾತು ಮುಂಚೆಯೇ ಆಡಿಬಿಡುತ್ತೇನೆ. ಇಲ್ಲಿ ಕೂತವರಲ್ಲಿ ಕೆಲವರ ಮನಸ್ಸಿನಲ್ಲಿ "ಅದೆಲ್ಲ ಡುಪ್ಲಿಕೇಟ್ ಅಲ್ರೀ" ಅಂತ ಇದೆ, ನನಗೆ ಗೊತ್ತು. ಹೌದು, ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಕಂಪನಿಯವರೇ ಇದನ್ನು ಬಹಳ ವರ್ಷದ ಹಿಂದೆ ಒಪ್ಪಿಕೊಂಡಿದ್ದಾರೆ. ಆದರೆ ನಮ್ಮ ಹಳ್ಳಿಗಳ ದೊಡ್ಡಾಟ ನೆನಪಿಸಿಕೊಳ್ಳಿ. ಕೀಚಕ ಸಾಯುತ್ತಾನೆ ಅಂತ ನೋಡುವ ಎಲ್ಲರಿಗೂ ಗೊತ್ತು. ಭೀಮನ ವೇಷ ಹಾಕಿದವನು ಬೆಳಗಾದರೆ ನಮ್ಮ ಪಕ್ಕದ ಹೊಲದಲ್ಲಿ ಕಳೆ ಕೀಳುವವನು ಅಂತಲೂ ಗೊತ್ತು. ಆದರೂ ನಡುರಾತ್ರಿ ದ್ರೌಪದಿ ಅಳುವಾಗ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಆ ಕಣ್ಣೀರನ್ನು ಯಾರೂ ಡುಪ್ಲಿಕೇಟ್ ಅನ್ನುವುದಿಲ್ಲ.

ದೊಡ್ಡಾಟಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಎಷ್ಟೇ ಕೂಗಿದರೂ ದೊಡ್ಡಾಟದಲ್ಲಿ ಕೀಚಕ ಉಳಿಯುವುದಿಲ್ಲ. ಕಥೆ ವ್ಯಾಸರದು. ಕುಸ್ತಿಯಲ್ಲಿ ನೋಡುವವರು ಕೂಗಿದರೆ ಕಥೆ ಬದಲಾಗಬಹುದು. 2014ರಲ್ಲಿ ಬದಲಾಯಿತು. ಆ ವರ್ಷವನ್ನು ನಾನು ಇಷ್ಟು ಪ್ರೀತಿಸಲು ಅದೇ ಕಾರಣ.

ಡೇನಿಯಲ್ ಬ್ರಯಾನ್ ಅಂತ ಒಬ್ಬ. ನಿಜವಾದ ಹೆಸರು ಬ್ರಯಾನ್ ಡೇನಿಯಲ್ಸನ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಬರ್ಡೀನ್ ಅನ್ನುವ ಸಣ್ಣ ಊರಿನವನು. ದೊಡ್ಡ ಗಡ್ಡ, ಉದ್ದ ಕೂದಲು, ಕುಳ್ಳನೆಯ ದೇಹ. ಆರೂವರೆ ಅಡಿಯ ಆಳುಗಳ ಪಕ್ಕದಲ್ಲಿ ನಿಂತರೆ ಯಾರೋ ಅಂಗಡಿ ಹುಡುಗ ದಾರಿ ತಪ್ಪಿ ರಿಂಗಿಗೆ ಬಂದ ಹಾಗೆ ಕಾಣುತ್ತಿದ್ದ. ಆದರೆ ಕುಸ್ತಿ ಹಿಡಿಯುವುದರಲ್ಲಿ ಅವನ ಕೈ ಪಳಗಿದ ಕೈ. ಎರಡೂ ತೋರುಬೆರಳು ಮೇಲೆತ್ತಿ "ಯೆಸ್! ಯೆಸ್! ಯೆಸ್!" ಅನ್ನುತ್ತಿದ್ದ, ಇಡೀ ಸ್ಟೇಡಿಯಂ ಅವನ ಜೊತೆ ಕೂಗುತ್ತಿತ್ತು.

ಜನವರಿ 26ಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ರಾಯಲ್ ರಂಬಲ್. ಮೂವತ್ತು ಜನ ಒಬ್ಬರ ಹಿಂದೆ ಒಬ್ಬರು ಬರುವ ಆಟ. ಗೆದ್ದವನಿಗೆ ರೆಸಲ್‌ಮೇನಿಯಾದಲ್ಲಿ, ಅಂದರೆ ಕಂಪನಿಯ ವರ್ಷದ ಅತಿ ದೊಡ್ಡ ಆಟದಲ್ಲಿ, ದೊಡ್ಡ ಬೆಲ್ಟಿನ ಕುಸ್ತಿ. ಬ್ರಯಾನ್ ಆ ರಾತ್ರಿ ಮೊದಲನೇ ಪಂದ್ಯದಲ್ಲೇ ಬ್ರೇ ವೈಯಟ್ ಎದುರು ಸೋತಿದ್ದ. ಆದರೂ ರಂಬಲ್‌ಗೆ ಬಂದೇ ಬರುತ್ತಾನೆ ಅಂತ ಎಲ್ಲರಿಗೂ ನಂಬಿಕೆ. ಮೂವತ್ತನೆಯವನಾಗಿ ಬಂದದ್ದು ರೇ ಮಿಸ್ಟೀರಿಯೊ. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಮೆಚ್ಚುವ ಮುಖವಾಡದ ರೇ ಮಿಸ್ಟೀರಿಯೊ! ಅವನಿಗೇ ಜನ "ಬೂ" ಅಂದರು. ಅವನ ಮೇಲಿನ ಸಿಟ್ಟಲ್ಲ ಅದು. ಅವನು ಬಂದ ಅಂದರೆ ಬ್ರಯಾನ್ ಬರುವುದಿಲ್ಲ ಅಂತ ಅರ್ಥ. ಕೊನೆಗೆ ಬಟಿಸ್ಟಾ ಗೆದ್ದ. ನಾಲ್ಕು ವರ್ಷದ ಮೇಲೆ ಮರಳಿ ಬಂದಿದ್ದ ಹೀರೋ ಅವನು, ಅವನಿಗೂ ಅದೇ ಪಾಡು. ರೆಸಲ್‌ಮೇನಿಯಾದಲ್ಲಿ ರ‍್ಯಾಂಡಿ ಆರ್ಟನ್ ಅನ್ನುವ ಚಾಂಪಿಯನ್ ಎದುರು ಬಟಿಸ್ಟಾ ಅಂತ ಕಂಪನಿ ಲೆಕ್ಕ ಹಾಕಿತ್ತು. ಜನ ಆ ಲೆಕ್ಕವನ್ನು ಒಪ್ಪಲಿಲ್ಲ. ಪ್ರತಿ ವಾರ, ಯಾವ ಊರಲ್ಲಿ ಆಟ ಇದ್ದರೂ "ಯೆಸ್" ಅಂತ ಕೂಗಿದರು.

ಮಾರ್ಚ್ 10ಕ್ಕೆ ಮೆಂಫಿಸ್‌ನಲ್ಲಿ ಬ್ರಯಾನ್ ಜೊತೆ ಜನ ರಿಂಗಿಗೇ ಇಳಿದರು. ರಿಂಗಿನ ಒಳಗೆ, ಹೊರಗೆ ಎಲ್ಲಿ ನೋಡಿದರೂ ಅವನ ಟೀ ಶರ್ಟ್ ಹಾಕಿದವರೇ. ಇಲ್ಲಿಂದ ಏಳುವುದಿಲ್ಲ ಅಂತ ಕೂತುಬಿಟ್ಟರು, ನಮ್ಮ ಕಡೆ ಡಿಸಿ ಆಫೀಸಿನ ಮುಂದೆ ಧರಣಿ ಕೂತ ಹಾಗೆ. ಕಂಪನಿಯ ಸಾಹೇಬ ಟ್ರಿಪಲ್ ಎಚ್ ಸಿಟ್ಟಿನಿಂದ ಮುಖ ಕೆಂಪು ಮಾಡಿಕೊಂಡು ಕೊನೆಗೆ ಒಪ್ಪಿದ. ನನ್ನನ್ನು ಸೋಲಿಸು, ಅದೇ ರಾತ್ರಿ ಬೆಲ್ಟಿನ ಕುಸ್ತಿಗೂ ಹೋಗು ಅಂದ. ಆ ದೃಶ್ಯವನ್ನು ಬರೆದವರು ಕಂಪನಿಯವರೇ, ನಿಜ. ಆದರೆ ಅದನ್ನು ಬರೆಯದೆ ಗತಿ ಇಲ್ಲ ಅನ್ನುವ ಹಾಗೆ ಮಾಡಿದ್ದು ಟಿಕೆಟ್ ತಗೊಂಡು ಬಂದ ಜನ.

ಏಪ್ರಿಲ್ 6, ನ್ಯೂ ಆರ್ಲಿಯನ್ಸ್, ಸೂಪರ್‌ಡೋಮ್. ಕಂಪನಿ ಹೇಳಿದ ಲೆಕ್ಕ 75,167 ಜನ. ಶುರುವಿಗೆ ಹಲ್ಕ್ ಹೋಗನ್ ಬಂದು ಸೂಪರ್‌ಡೋಮ್ ಅನ್ನುವ ಬದಲು ಸಿಲ್ವರ್‌ಡೋಮ್ ಅಂದುಬಿಟ್ಟ. 1987ರಲ್ಲಿ ದೈತ್ಯ ಆಂದ್ರೆಯನ್ನು ಅವನು ಎತ್ತಿ ಒಗೆದ ಸ್ಟೇಡಿಯಂನ ಹೆಸರು ಅದು. 27 ವರ್ಷ ಆದರೂ ಬಾಯಿಗೆ ಬಂದದ್ದು ಅದೇ. ನನಗೆ ಅದು ತಪ್ಪು ಅನ್ನಿಸಲೇ ಇಲ್ಲ. ನಾವು ಗುಲ್ಬರ್ಗಾ ಅಂದ ಹಾಗೆ.

ಬ್ರಯಾನ್ ಮೊದಲು ಟ್ರಿಪಲ್ ಎಚ್‌ನನ್ನು ಸೋಲಿಸಿದ. ಸೋತವನು ಹಿಂದಿನಿಂದ ಬಂದು ಅವನ ಭುಜ ಜಜ್ಜಿದ. ಕೊನೆಯ ಪಂದ್ಯದಲ್ಲಿ ಆರ್ಟನ್ ಮತ್ತು ಬಟಿಸ್ಟಾ ಸೇರಿ ಅವನನ್ನು ಟೇಬಲ್ ಮೇಲೆ ಕೆಡವಿದರು. ಸ್ಟ್ರೆಚರ್ ಬಂತು, ಕಟ್ಟಿ ಮಲಗಿಸಿ ಒಯ್ಯತೊಡಗಿದರು. ಅರ್ಧ ದಾರಿಯಲ್ಲಿ ಅವನು ಎದ್ದ. ಕುಂಟುತ್ತಾ ಮರಳಿ ಬಂದ. ಬಟಿಸ್ಟಾನ ತಲೆ ಹಿಡಿದು ಹಿಂದಕ್ಕೆ ಎಳೆದ, ಬಟಿಸ್ಟಾ ಕೈಯಿಂದ ನೆಲ ತಟ್ಟಿ ಸೋಲು ಒಪ್ಪಿದ. ಎರಡು ಬೆಲ್ಟು ಮೇಲೆತ್ತಿಕೊಂಡು ನಿಂತ ಆ ಕುಳ್ಳ ಮನುಷ್ಯನ ಮೇಲೆ ಬಣ್ಣದ ಕಾಗದದ ಚೂರುಗಳು ಮಳೆಯಂತೆ ಸುರಿದವು.

ನನಗೆ ಗೊತ್ತಿರುವ ಒಬ್ಬ ಆಟೋ ಅಣ್ಣ ಇದ್ದಾರೆ. ಆಗ ಅವರು ಹತ್ತನೇ ಕ್ಲಾಸಿನ ಹುಡುಗ. ಎತ್ತರ ಕಡಿಮೆ. ಓಣಿಯಲ್ಲಿ ಎಲ್ಲರೂ "ಗಿಡ್ಡ್ಯಾ" ಅಂತಲೇ ಕರೆಯುತ್ತಿದ್ದರಂತೆ. ಶಾಲೆಯ ಕಬಡ್ಡಿ ಟೀಮಿಗೆ ಸೇರಿಸಿರಲಿಲ್ಲ. ಜಗತ್ ಸರ್ಕಲ್ ಸಿಗ್ನಲ್ ಹತ್ತಿರ ಆಟೋ ನಿಲ್ಲಿಸಿಕೊಂಡು ಅವರು ನನಗೆ ಇದನ್ನು ಹೇಳಿದರು. "ಸರ್, ಅವತ್ತ ನಾ ಟಿವಿ ಮುಂದ ಒಬ್ಬನೇ ಇದ್ದೆ. ಅವ ಸ್ಟ್ರೆಚರ್ ಮ್ಯಾಲಿಂದ ಎದ್ದು ಬಂದ್ನಲ್ಲ, ನಾನೂ ಎದ್ದು ನಿಂತೆ. ಯಾಕ ನಿಂತೆ ಗೊತ್ತಿಲ್ಲ." ಹೇಳುತ್ತಾ ಹೇಳುತ್ತಾ ಹ್ಯಾಂಡಲ್ ಬಿಟ್ಟು ಎರಡೂ ತೋರುಬೆರಳು ಮೇಲೆತ್ತಿದರು. ಬಲಗೈ ಬೆರಳಿಗೆ ಗ್ರೀಸ್ ಹತ್ತಿತ್ತು. ಹಸಿರು ದೀಪ ಬಿತ್ತು, ಹಿಂದಿನವರು ಹಾರ್ನ್ ಹೊಡೆದರು, ಅವರು ಬೆರಳು ಇಳಿಸಲಿಲ್ಲ.

ಬ್ರಯಾನ್‌ನ ಸುಖ ಜಾಸ್ತಿ ದಿನ ಉಳಿಯಲಿಲ್ಲ. ಗೆದ್ದ ಐದನೇ ದಿನಕ್ಕೆ ಮದುವೆ. ಮದುವೆಯಾಗಿ ಕೆಲವೇ ದಿನಕ್ಕೆ ಅವನ ತಂದೆ ತೀರಿಹೋದರು. ಮೇ ತಿಂಗಳಲ್ಲಿ ಕುತ್ತಿಗೆಗೆ ಆಪರೇಷನ್, ಜೂನ್ 9ಕ್ಕೆ ಬೆಲ್ಟು ಕೈಬಿಟ್ಟಿತು. ಇದರಲ್ಲಿ ಯಾವುದನ್ನೂ ಯಾರೂ ಮೊದಲೇ ಬರೆದಿರಲಿಲ್ಲ.

ಒಬ್ಬ ತಂಗಿಯ ನೆನಪು ಕೇಳಿ. ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಆಗ ಅವಳ ಮನೆಯಲ್ಲಿ ಹೆಣ್ಣುಮಕ್ಕಳು ಕುಸ್ತಿ ನೋಡುವುದು ಅಂದರೆ ಬೈಗುಳ. ಮಧ್ಯಾಹ್ನ ಅಪ್ಪಾಜಿ ಊಟ ಮಾಡಿ ಮಲಗಿದ ಮೇಲೆ ಟಿವಿಯ ಸೌಂಡ್ ಪೂರ್ತಿ ತೆಗೆದು ನೋಡುತ್ತಿದ್ದಳು. ರೆಸಲ್‌ಮೇನಿಯಾದ ಮಾರನೇ ರಾತ್ರಿಯ ಆಟ. ಎಜೆ ಲೀ 295 ದಿನದಿಂದ ಬೆಲ್ಟು ಬಿಟ್ಟುಕೊಡದ ಚಾಂಪಿಯನ್. ಅಭಿನಂದಿಸಲು ಅಂತ ಪೇಜ್ ಅನ್ನುವ ಹೊಸ ಹುಡುಗಿ ಬರುತ್ತಾಳೆ. ಇಂಗ್ಲೆಂಡಿನ ನಾರ್ವಿಚ್ ಊರಿನವಳು, ವಯಸ್ಸು 21. ಅವಳ ಅಪ್ಪ ಅಮ್ಮ ಇಬ್ಬರೂ ಕುಸ್ತಿಯವರು, ಹದಿಮೂರನೇ ವಯಸ್ಸಿಗೇ ರಿಂಗಿಗೆ ಇಳಿದವಳು. ಎಜೆ ಅವಳ ಕೆನ್ನೆಗೆ ಬಾರಿಸಿ ಆಡು ಬಾ ಅಂತ ಕರೆದಳು. ಪೇಜ್ ಬಂದ ಮೊದಲ ದಿನವೇ ಬೆಲ್ಟು ಗೆದ್ದಳು. "ಸೌಂಡ್ ಇರ್ಲಿಲ್ರೀ, ಸರ್. ಜನ ಏನು ಕೂಗಿದ್ರೋ ಕೇಳ್ಸಿಲ್ಲ. ನಾನು ಬಾಯಿಗೆ ದುಪಟ್ಟಾ ಒತ್ಕೊಂಡು ಕುಣಿದೆ" ಅಂದಳು. ಬ್ಯಾಂಕಿನ ಪರೀಕ್ಷೆಗೆ ಹೋದ ದಿನ ಅವಳಿಗೆ ಅದೇ ನೆನಪಾಯಿತಂತೆ.

ಅದೇ ರಾತ್ರಿ ಅಲ್ಟಿಮೇಟ್ ವಾರಿಯರ್ ಕೂಡ ಬಂದಿದ್ದ. ಮುಖಕ್ಕೆ ಬಣ್ಣ, ತೋಳಿಗೆ ಬಣ್ಣದ ದಾರ ಕಟ್ಟಿಕೊಂಡು ಹಗ್ಗ ಅಲ್ಲಾಡಿಸುತ್ತಿದ್ದ ಆ ವಾರಿಯರ್. ಎಷ್ಟೋ ವರ್ಷ ಕಂಪನಿ ಜೊತೆ ಜಗಳ ಆಡಿ ದೂರ ಇದ್ದವನು. ಏಪ್ರಿಲ್ 5ಕ್ಕೆ ಅವನಿಗೆ ಸನ್ಮಾನ ಆಯಿತು. 6ಕ್ಕೆ ರೆಸಲ್‌ಮೇನಿಯಾದಲ್ಲಿ ಕಾಣಿಸಿಕೊಂಡ. 7ಕ್ಕೆ ಮೈಕ್ ಹಿಡಿದು, ಪ್ರತಿಯೊಬ್ಬನ ಎದೆಯೂ ಒಂದು ದಿನ ಕೊನೆಯ ಸಲ ಬಡಿಯುತ್ತದೆ ಅನ್ನುವ ಅರ್ಥದ ಮಾತು ಆಡಿದ. 8ಕ್ಕೆ ಅರಿಜೋನಾದಲ್ಲಿ ಕುಸಿದು ತೀರಿಕೊಂಡ. 54 ವರ್ಷ. ಇದರ ಬಗ್ಗೆ ನಾನು ಹೆಚ್ಚು ಮಾತಾಡಲಾರೆ. ಆ ನಾಲ್ಕು ದಿನಾಂಕಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಜೂನ್‌ನದು ಬೇರೆ ಥರದ ನೆನಪು. ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವ ಅಣ್ಣ ತಮ್ಮ ಇಬ್ಬರು ಹೇಳಿದ್ದು. ಅವರಿಬ್ಬರು, ಜೊತೆಗೆ ಅವರ ಕಾಕನ ಮಗ, ಮೂವರೂ ಸೇರಿ ತಮ್ಮನ್ನು ಶೀಲ್ಡ್ ಅಂತ ಕರೆದುಕೊಳ್ಳುತ್ತಿದ್ದರು. ಶೀಲ್ಡ್ ಅಂದರೆ ರೋಮನ್ ರೇನ್ಸ್, ಡೀನ್ ಆಂಬ್ರೋಸ್, ಸೇಥ್ ರೋಲಿನ್ಸ್. 2012ರ ನವೆಂಬರಿನಿಂದ ಮೂವರೂ ಒಟ್ಟಿಗೇ ಕಪ್ಪು ಬಟ್ಟೆಯಲ್ಲಿ ಜನರ ನಡುವಿನಿಂದ ಮೆಟ್ಟಿಲು ಇಳಿದು ಬರುತ್ತಿದ್ದರು. ಮುಷ್ಟಿಗೆ ಮುಷ್ಟಿ ತಾಗಿಸುವುದು ಅವರ ಗುರುತು. ಈ ಮೂವರು ಹುಡುಗರೂ ಅಂಗಡಿಯಲ್ಲಿ ಚೀಲ ಎತ್ತುವ ಮುಂಚೆ ಮುಷ್ಟಿ ತಾಗಿಸುತ್ತಿದ್ದರಂತೆ.

ಜೂನ್ 1ಕ್ಕೆ ಶೀಲ್ಡ್ ಟ್ರಿಪಲ್ ಎಚ್‌ನ ಗುಂಪನ್ನು ಸೋಲಿಸಿತು, ತಮ್ಮಲ್ಲಿ ಒಬ್ಬನೂ ಔಟಾಗದೆ. ಮಾರನೇ ದಿನ ಇಂಡಿಯಾನಾಪೊಲಿಸ್‌ನಲ್ಲಿ ಮೂವರೂ ರಿಂಗಿನಲ್ಲಿ ನಿಂತಿದ್ದಾರೆ. ರೋಲಿನ್ಸ್ ಕೈಯಲ್ಲಿ ಕಬ್ಬಿಣದ ಕುರ್ಚಿ. ಎದುರಾಳಿಗೆ ಹೊಡೆಯುತ್ತಾನೆ ಅಂತ ನಾವು ಕಾಯುತ್ತಿದ್ದರೆ ಅವನು ರೇನ್ಸ್‌ನ ಬೆನ್ನಿಗೆ ಹೊಡೆದ. ಆಂಬ್ರೋಸ್ ತಿರುಗಿ ನೋಡಿದ. ಅವನ ಮುಖ ನೋಡಬೇಕಿತ್ತು. ಸಿಟ್ಟು ಬರುವ ಮುಂಚೆ ಒಂದು ಕ್ಷಣ ಏನೂ ಅರ್ಥವಾಗದೆ ನಿಂತ ಮುಖ ಅದು.

"ನಮ್ಮ ಕಾಕನ ಮಗ ಅದನ್ನ ನೋಡಿ ಎದ್ದು ಮನಿಗಿ ಹೋದ" ಅಂದರು ದೊಡ್ಡವರು. ಆ ವರ್ಷವೇ ಅವರ ಅಪ್ಪ ಮತ್ತು ಕಾಕಾ ಹಿಸ್ಸೆ ಮಾಡಿಕೊಂಡರು. ಅಂಗಡಿ ಎರಡಾಯಿತು, ನಡುವೆ ಗೋಡೆ ಬಂತು. ಹುಡುಗರ ತಪ್ಪು ಏನೂ ಇರಲಿಲ್ಲ, ಆದರೂ ಮಾತು ನಿಂತಿತು. ಶೀಲ್ಡ್ ಮುಂದೆ ಮತ್ತೆ ಒಂದಾಯಿತು, ನಿಮಗೆ ಗೊತ್ತಿದೆ. ಅಣ್ಣ ತಮ್ಮ ಇಬ್ಬರೂ ಅದನ್ನು ಎರಡೆರಡು ಸಲ ಹೇಳಿದರು. ಕಾಕನ ಮಗನ ಸುದ್ದಿ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಆಗಸ್ಟ್ 17ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಬ್ರಾಕ್ ಲೆಸ್ನರ್ ಜಾನ್ ಸೀನಾನನ್ನು 16 ಸಲ ಹಿಂದಕ್ಕೆ ಎತ್ತಿ ಒಗೆದ. ಸೀನಾ ಅಭಿಮಾನಿಗಳಾದ ಸಣ್ಣ ಹುಡುಗರು ಅವತ್ತು ಊಟ ಬಿಟ್ಟಿದ್ದರಂತೆ. ನವೆಂಬರ್ 23ಕ್ಕೆ ಸೇಂಟ್ ಲೂಯಿಸ್‌ನಲ್ಲಿ ಸ್ಟಿಂಗ್ ಮೊದಲ ಸಲ ಈ ಕಂಪನಿಯ ರಿಂಗಿಗೆ ಬಂದ. ಎದುರು ಕಂಪನಿಯಲ್ಲಿದ್ದು ವರ್ಷಾನುಗಟ್ಟಲೆ ಬರುವುದಿಲ್ಲ ಅಂದವನು. ಅವತ್ತಿನ ತಂಡಗಳ ಕುಸ್ತಿಯಲ್ಲಿ ಡಾಲ್ಫ್ ಝಿಗ್ಲರ್ ಕೊನೆಯವನಾಗಿ ಉಳಿದು ಗೆದ್ದ. ಅದೇ ತಿಂಗಳು ಖಲಿ ಕಂಪನಿ ಬಿಟ್ಟ. ಅದೇ ತಿಂಗಳ ಮೊದಲ ದಿನ ನಮ್ಮೂರಿಗೆ ಹಳೆಯ ಹೆಸರು ಮರಳಿ ಬಂದಿತ್ತು.

ಅಂಡರ್‌ಟೇಕರ್ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಾನು ಕೇಳಿದವರಲ್ಲಿ ಹೆಚ್ಚಿನವರು ಮೊದಲು ಹೇಳಿದ್ದು ಅದನ್ನೇ.

ಗೊತ್ತಿಲ್ಲದವರಿಗೆ ಎರಡು ಮಾತು. ಅಂಡರ್‌ಟೇಕರ್ ಅಂದರೆ ಟೆಕ್ಸಾಸ್‌ನ ಮಾರ್ಕ್ ಕ್ಯಾಲವೇ. 1991ರ ಮಾರ್ಚ್ 24ಕ್ಕೆ, ತನ್ನ 26ನೇ ಹುಟ್ಟುಹಬ್ಬದ ದಿನ, ರೆಸಲ್‌ಮೇನಿಯಾದಲ್ಲಿ ಮೊದಲ ಸಲ ಆಡಿ ಜಿಮ್ಮಿ ಸ್ನೂಕಾನನ್ನು ಸೋಲಿಸಿದ. ಅಲ್ಲಿಂದ ರೆಸಲ್‌ಮೇನಿಯಾದಲ್ಲಿ ಸೋತದ್ದೇ ಇಲ್ಲ. ನಡುವೆ ಎರಡು ವರ್ಷ ಆಡಿರಲಿಲ್ಲ. 2013ಕ್ಕೆ ಲೆಕ್ಕ 21. ನಾನು ಹುಟ್ಟುವ ಮುಂಚಿನಿಂದ ಗೆಲ್ಲುತ್ತಾ ಬಂದ ಮನುಷ್ಯ. ದೀಪ ಆರಿ ಗಂಟೆ ಬಾರಿಸಿದರೆ ನಮ್ಮ ಓಣಿಯ ಹುಡುಗರು ಟಿವಿ ಮುಂದೆ ಸುಮ್ಮನಾಗುತ್ತಿದ್ದರು. ಬೆಲ್ಟು ಯಾರ ಕೈಗಾದರೂ ಹೋಗಲಿ, ಇದೊಂದು ಮಾತ್ರ ಹೋಗುವುದಿಲ್ಲ ಅಂತ ನಾವು ನಂಬಿದ್ದೆವು.

ನ್ಯೂ ಆರ್ಲಿಯನ್ಸ್‌ನಲ್ಲಿ ಭಾನುವಾರ ರಾತ್ರಿ ಆದರೆ ನಮಗೆ ಸೋಮವಾರ ಬೆಳಿಗ್ಗೆ. ಕಾಲೇಜಿಗೆ ಹೊರಟಿದ್ದೆ. ಗೆಳೆಯನೊಬ್ಬ ಸೂಪರ್ ಮಾರ್ಕೆಟ್ ಹತ್ತಿರ ತಡೆದು ಮೊಬೈಲ್ ತೋರಿಸಿದ. ಬ್ರಾಕ್ ಲೆಸ್ನರ್ ಎದುರು ಅಂಡರ್‌ಟೇಕರ್ ಸೋತ ಅಂತ ಯಾರೋ ಹಾಕಿದ್ದರು. ಏಪ್ರಿಲ್ ಫೂಲ್ ಮುಗಿದು ಆರು ದಿನ ಆಯಿತಲ್ಲೋ ಅಂದೆ. ಅವನು ಇನ್ನೊಂದು ಫೋಟೋ ತೋರಿಸಿದ. ಕರಿ ಪರದೆ ಮೇಲೆ ಎರಡೇ ಅಂಕಿ, 21 ಮತ್ತು 1. ಆ ಒಂದನ್ನು ನಾವಿಬ್ಬರೂ ಬಹಳ ಹೊತ್ತು ನೋಡಿದೆವು. ಊರಲ್ಲಿ ಎಲ್ಲಿ ಹೋದರೂ ಚುನಾವಣೆಯ ಮೈಕು, 17ಕ್ಕೆ ಮತದಾನ. ನಮಗೆ ಯಾವುದೂ ಕಿವಿಗೆ ಬೀಳಲಿಲ್ಲ.

ಟೆನ್ ಸ್ಪೋರ್ಟ್ಸ್‌ನಲ್ಲಿ ಆ ಪಂದ್ಯ ತೋರಿಸಿದ ದಿನ ನಾನು ಮುತ್ಯಾನ ಮನೆಯಲ್ಲಿದ್ದೆ. ನಮ್ಮ ತಾಯಿಯ ಅಪ್ಪ. ಒಂದು ಕಾಲಕ್ಕೆ ಹೆಸರು ಮಾಡಿದ ಪೈಲ್ವಾನ. ಎಡ ಕಿವಿ ಮುದುಡಿ ಗಟ್ಟಿಯಾಗಿ ಒಣ ಅಂಜೂರದ ಹಾಗಿತ್ತು. ಗರಡಿಯ ಮಣ್ಣಿನಲ್ಲಿ ತಲೆ ಉಜ್ಜಿ ಉಜ್ಜಿ ಆದದ್ದು. ನಮ್ಮ ಕಡೆ ಜಾತ್ರೆಯ ಕುಸ್ತಿ ಸಣ್ಣ ಹುಡುಗರ ಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಖಡೆಯ, ಅಂದರೆ ಬೆಳ್ಳಿ ಕಡಗದ, ಕುಸ್ತಿಗೆ ಮುಗಿಯುತ್ತದೆ, ಅಲ್ವಾ? ಮುತ್ಯಾ ಅಂಥ ಮೂರು ಖಡೆ ಗೆದ್ದಿದ್ದ. ಎರಡು ಮಾರಿ ಅವ್ವನ ಮದುವೆ ಮಾಡಿದ. ಒಂದು ದೇವರ ಮನೆಯಲ್ಲಿತ್ತು.

ಅವನಿಗೆ ಟಿವಿ ಕುಸ್ತಿ ಕಂಡರೆ ಆಗುತ್ತಿರಲಿಲ್ಲ. "ಮಣ್ಣಿಲ್ಲ, ಹಲಗಿ ಇಲ್ಲ, ಅದೆಂಥ ಕುಸ್ತಿ" ಅನ್ನುತ್ತಿದ್ದ. ಅವತ್ತು ಮಾತ್ರ ನನ್ನ ಮುಖ ನೋಡಿ ಬಂದು ಹೊರಸಿನ ಮೇಲೆ ಕೂತ. ಮೊದಲಿಗೆ ಸುಮ್ನೆ ಕೂತಿದ್ದ. ಆಮೇಲೆ ಮುಂದೆ ಬಾಗಿದ. ಜನ ಮುಖ ನೋಡುತ್ತಾರೆ, ಮುತ್ಯಾ ಕಾಲು ನೋಡುತ್ತಿದ್ದ. "ಮುದುಕನ ಕಾಲಾಗ ಜೀವ ಇಲ್ಲ. ತಲಿಗೆ ಪೆಟ್ಟಾಗ್ಯಾದ ಅವಗ" ಅಂದ. ನಾನು ನಂಬಲಿಲ್ಲ. ಎಷ್ಟೋ ದಿನದ ಮೇಲೆ ತಿಳಿಯಿತು, ಆ ಪಂದ್ಯದಲ್ಲಿ ಅಂಡರ್‌ಟೇಕರ್‌ನ ತಲೆಗೆ ನಿಜವಾಗಿಯೂ ಪೆಟ್ಟಾಗಿ ಆಸ್ಪತ್ರೆಗೆ ಒಯ್ದಿದ್ದರು. ಆ ಪಂದ್ಯದ ನೆನಪೇ ತನಗಿಲ್ಲ ಅಂತ ಅವನೇ ಆಮೇಲೆ ಹೇಳಿದ. ನಾವೆಲ್ಲ ಇಷ್ಟು ವರ್ಷ ಎತ್ತಿಟ್ಟುಕೊಂಡು ಬಂದ ನೆನಪು ಆಡಿದವನ ಹತ್ತಿರವೇ ಇಲ್ಲ.

ಲೆಸ್ನರ್ ಮೂರನೇ ಸಲ ಅವನನ್ನು ಹೆಗಲ ಮೇಲೆ ಎತ್ತಿ ಒಗೆದ. ರೆಫರಿ ಒಂದು, ಎರಡು, ಮೂರು ಅಂತ ನೆಲ ತಟ್ಟಿದ. ಮೂರು ಅಂದ ಮೇಲೆ 75 ಸಾವಿರ ಜನ ಉಸಿರೆತ್ತಲಿಲ್ಲ. ಗೆದ್ದವನ ಹಾಡು ಕೂಡ ತಡವಾಗಿ ಬಂತು. ಬಾಯಿ ತೆರೆದು, ಕಣ್ಣು ದೊಡ್ಡದು ಮಾಡಿಕೊಂಡು ನಿಂತ ಒಬ್ಬ ಕನ್ನಡಕದ ಮನುಷ್ಯನನ್ನು ಕ್ಯಾಮೆರಾ ತೋರಿಸಿತು. ಆ ಮುಖ ಆಮೇಲೆ ಜಗತ್ತೆಲ್ಲ ಓಡಾಡಿತು. ನನಗೆ ಫಲಿತಾಂಶ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ತುಂಬಿ ಬಂತು.

ಮುತ್ಯಾ ಕೇಳಿದ, "ಎಷ್ಟು ವರ್ಷ ಗೆದ್ದಾನ ಅವ?"

"21 ಸಲ, ಮುತ್ಯಾ. ಒಂದು ಸಲನೂ ಸೋತಿರ್ಲಿಲ್ಲ."

"ಹಂಗಾದ್ರ ಅವ ಸೋತಿಲ್ಲ ತಗೋ. ಬೆನ್ನು ತಾನೇ ಹಚ್ಚ್ಯಾನ. ಹಿಂದಿನವಗ ಕೊಟ್ಟು ಹೊಂಟಾನ."

ನಾನು ತಿರುಗಿ ನೋಡಿದೆ. ಈ ಕುಸ್ತಿಯಲ್ಲಿ ಸೋಲು ಮೊದಲೇ ತೀರ್ಮಾನ ಆಗಿರುತ್ತದೆ ಅಂತ ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಮುತ್ಯಾ ಟಿವಿ ಮೇಲಿಂದ ಕಣ್ಣು ತೆಗೆಯದೆ ನಿಧಾನಕ್ಕೆ ಹೇಳಿದ. ಅವನ ಕೊನೆಯ ಕುಸ್ತಿ ಪಕ್ಕದ ಊರಿನ ಜಾತ್ರೆಯಲ್ಲಿ ಆಗಿತ್ತು. ಎದುರಿಗೆ ಹತ್ತೊಂಬತ್ತು ವರ್ಷದ ಹುಡುಗ. ಹುಡುಗನ ಅಪ್ಪ ತೀರಿಹೋಗಿ ತಿಂಗಳಾಗಿರಲಿಲ್ಲ. ಹಿಡಿತ ಚಲೋ ಇತ್ತು, ಧೈರ್ಯ ಇರಲಿಲ್ಲ. ಅರ್ಧ ತಾಸು ಆಡಿಸಿ, ಯಾರಿಗೂ ಗೊತ್ತಾಗದ ಹಾಗೆ ಮುತ್ಯಾ ಒಂದು ಕಾಲು ಸಡಿಲ ಬಿಟ್ಟ. ಹುಡುಗ ಎತ್ತಿ ಚಿತ್ ಮಾಡಿದ. ಹಲಗಿ ಬಾರಿಸಿದರು, ಹುಡುಗನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುದುಕ ಆದ, ಇನ್ನ ಇವನ ಕೈಲಾಗಂಗಿಲ್ಲ ಅಂತ ಊರೆಲ್ಲ ಆಡಿಕೊಂಡಿತು.

"ಆಯಿಗಿ ಹೇಳಿದ್ದೇನ್ ಮುತ್ಯಾ?"

"ಯಾರಿಗೂ ಹೇಳಿಲ್ಲ. ನಿನಗ ಈಗ ಹೇಳ್ಲಕತ್ತೀನಿ."

ಅಷ್ಟರಲ್ಲಿ ಕರೆಂಟ್ ಹೋಯಿತು. ಏಪ್ರಿಲ್ ಸೆಕೆ, ಫ್ಯಾನ್ ನಿಂತಿತು. ಕತ್ತಲಲ್ಲಿ ಮುತ್ಯಾ ಹೊರಸಿನ ಮೇಲೆ ಹಾಗೇ ಕೂತಿದ್ದ. ಬೀಸಣಿಗೆ ಹುಡುಕಿ ಕೊಟ್ಟೆ, ಬೀಸಿಕೊಳ್ಳಲಿಲ್ಲ. ಕರೆಂಟ್ ಬರುವ ಹೊತ್ತಿಗೆ ಟಿವಿಯಲ್ಲಿ ಬೇರೆ ಪಂದ್ಯ ನಡೆದಿತ್ತು.

"ಅವ ಎದ್ದು ತಾನೇ ನಡ್ಕೋತ ಹೋದ್ನೇನು?" ಅಂತ ಕೇಳಿದ.

ಅದನ್ನು ನಾನು ಗೆಳೆಯನ ಮೊಬೈಲಿನಲ್ಲಿ ನೋಡಿದ್ದೆ. "ಹೋದ, ಮುತ್ಯಾ. ಒಬ್ಬನೇ ನಡ್ಕೋತ ಹೋದ. ಜನ ಎಲ್ಲಾ ಎದ್ದು ನಿಂತು ಚಪ್ಪಾಳಿ ಹೊಡದ್ರು."

"ಹಾಂ" ಅಂದ ಮುತ್ಯಾ. ಎಡಗೈಯಿಂದ ಆ ಮುದುಡಿದ ಕಿವಿಯನ್ನು ಒಂದು ಸಲ ಸವರಿಕೊಂಡ. ಆಮೇಲೆ ಎದ್ದು ದೇವರ ಮನೆಗೆ ಹೋಗಿ, ಖಡೆ ತಂದು ನನ್ನ ಕೈಯಲ್ಲಿಟ್ಟ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಭಾರ ಇತ್ತು.